ಮಗನಿಗೆ ಬಿಳಿ ಇಡ್ಲಿ, ಮಾವನಿಗೆ ಮುದ್ದೆ, ಅತ್ತೆಗೊಂದು ಭಾನುವಾರ

ಯುಗಾದಿಗೆ ಒಬ್ಬಟ್ಟು, ಮಾರನೇ ದಿನ ಹೊಸತೊಡಕಿಗೆ ಮಟನ್ ಸಾರು. ಎರಡು ದಿನ ಒಲೆ ಮುಂದೆ ನಿಂತಿದ್ದ ನಮ್ಮತ್ತೆ ಮೂರನೇ ದಿನ ಸಂಜೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಹಾಲ್‌ನಲ್ಲಿ ಕೂತಿದ್ದರು. "ಈ ಭಾನುವಾರ ಯಾರೂ ಅಡುಗೆ ಮಾಡೋದು ಬೇಡ ಅತ್ತೆ, ಹೊರಗೆ ಹೋಗೋಣ" ಅಂದೆ. ಅವರು ತಲೆ ಎತ್ತದೆ, "ನಿಮ್ಮ ಮಾವ ತಿನ್ನಲ್ಲ, ಪುಟ್ಟ ತಿನ್ನಲ್ಲ. ದುಡ್ಡು ದಂಡ ಕಣಮ್ಮ" ಅಂದರು.

ಅವರು ಹೇಳಿದ್ದು ಸರಿಯಾಗೇ ಇತ್ತು. ನಮ್ಮನೆ ಇರೋದು ಚಿಕ್ಕಬಳ್ಳಾಪುರದಲ್ಲಿ. ನಾನೂ ನನ್ನ ಗಂಡನೂ ಇಬ್ಬರೂ ಸಾಫ್ಟ್‌ವೇರ್. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಹೋಗಿ ಬರ್ತೀವಿ, ಉಳಿದ ದಿನ ಮನೆಯಿಂದಲೇ ಕೆಲಸ. ಎಲ್ಲಿ ಕೆಲಸ ಮಾಡಿದರೂ ಅಡುಗೆ ಮಾತ್ರ ಅತ್ತೆಯದೇ. ಅದೂ ಒಂದು ಅಡುಗೆಯಲ್ಲ, ದಿನಾ ಮೂರು. ನಾಲ್ಕು ವರ್ಷದ ಮಗ ಬಿಳಿ ಬಣ್ಣದ್ದು ಬಿಟ್ಟು ಬೇರೇನೂ ಮುಟ್ಟಲ್ಲ: ಇಡ್ಲಿ, ಮೊಸರನ್ನ, ಹಾಲು, ಖಾಲಿ ದೋಸೆ. ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಕಂಡರೂ ತಟ್ಟೆ ಪಕ್ಕಕ್ಕೆ. ಏಳು ವರ್ಷದ ಮಗಳದು ಇನ್ನೊಂದು ಕಾನೂನು, ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದು. ಪಲ್ಯಕ್ಕೆ ಸಾರು ಹರಿದರೆ "ಮಿಕ್ಸ್ ಆಗೋಯ್ತು" ಅಂತ ಎದ್ದು ಹೋಗ್ತಾಳೆ. ಮಾವನಿಗೆ ಶುಗರ್. ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಅದು ಅವರ ಲೆಕ್ಕದಲ್ಲಿ ಊಟವೇ ಅಲ್ಲ. ಅತ್ತೆ ಸೋಮವಾರ, ಶನಿವಾರ ಮಾಂಸ ಬೇಯಿಸಿದ ಜಾಗಕ್ಕೂ ಬರಲ್ಲ, ಬೇರೆ ದಿನವೂ ಹೊರಗೆ ಕೋಳಿ ತಿನ್ನಲ್ಲ, ಮೆಟ್ಟಿಲು ಹತ್ತಕ್ಕಾಗಲ್ಲ. ಗಂಡನಿಗೆ ಏನಾದರೂ ಸರಿ. ಅದು ದೊಡ್ಡ ಪುಣ್ಯ.

ಆದರೂ ಹಠ ಮಾಡಿ ಆ ಭಾನುವಾರ ಸಂಜೆ ಎಲ್ಲರನ್ನೂ ಹೊರಡಿಸಿದೆ. ಹೈದರಾಬಾದ್ ಹೈವೇ ಪಕ್ಕದ ಒಂದು ಫ್ಯಾಮಿಲಿ ರೆಸ್ಟೋರೆಂಟ್. ಆ್ಯಪ್‌ನಲ್ಲಿ ಒಳ್ಳೇ ರೇಟಿಂಗ್, ಜಾರುಬಂಡೆ, ಹದಿನಾಲ್ಕು ಪುಟದ ಮೆನು. ಮೊದಲ ತಟ್ಟೆ ಬರಕ್ಕೇ ಮುಕ್ಕಾಲು ಗಂಟೆ. ಮಗನಿಗೆ ಹೇಳಿದ್ದ ಮೊಸರನ್ನ ದಾಳಿಂಬೆ, ದ್ರಾಕ್ಷಿ, ಒಗ್ಗರಣೆ, ಕೊತ್ತಂಬರಿ ಎಲ್ಲ ಹೊತ್ತುಕೊಂಡು ಬಂತು. ಅವನು ಅತ್ತ. ಮಾವ ಬಟರ್ ನಾನ್ ಒಂದು ತುಂಡು ಮುರಿದು, "ಬಟ್ಟೆ ಅಗಿದಂಗೆ ಐತೆ" ಅಂತ ಬಿಟ್ಟರು. ಬಿಲ್ 2,640 ರೂಪಾಯಿ. ಮನೆಗೆ ಬಂದಾಗ ಒಂಬತ್ತೂವರೆ. ನಾನು ಮಕ್ಕಳ ಬಟ್ಟೆ ಬದಲಾಯಿಸ್ತಾ ಇದ್ದೆ, ಅಡುಗೆಮನೆಯಿಂದ ಲೈಟರ್ ಸದ್ದು ಕೇಳಿಸಿತು. ಅತ್ತೆ ಮಾವನಿಗೆ ಮುದ್ದೆಗೆ ಎಸರಿಡ್ತಿದ್ದರು, ಇನ್ನೊಂದು ಒಲೆಯಲ್ಲಿ ಮಗನಿಗೆ ಅನ್ನ. ಅವರಿಗೆ ರಜ ಕೊಡಿಸ್ತೀನಿ ಅಂತ ಹೋಗಿ, ರಾತ್ರಿ ಪಾಳಿ ಕೊಡಿಸಿದ್ದೆ.

ಆ ಬಿಲ್‌ನ ಬಗ್ಗೆ ಒಂದು ಮಾತು. ಅದರಲ್ಲಿ ನಮ್ಮನ್ನು ಕೇಳದೇ ಸರ್ವಿಸ್ ಚಾರ್ಜ್ ಸೇರಿಸಿದ್ದರು, ನಾವೂ ಸುಮ್ಮನೆ ಕೊಟ್ಟು ಬಂದೆವು. ಹಾಗೆ ತಾವಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೀರಿ ಅಂತ ಕೇಳಬಹುದು, ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಬಹುದು. ಜಿಎಸ್‌ಟಿ ಬೇರೆ ವಿಷಯ, ಮಾಮೂಲಿ ಹೋಟೆಲ್‌ಗಳಲ್ಲಿ ಅದು ಶೇ 5. ಕಾಂಪೋಸಿಷನ್ ಸ್ಕೀಮ್‌ನಲ್ಲಿರುವ ಸಣ್ಣ ಹೋಟೆಲ್‌ನವರು ಅದನ್ನೂ ಗಿರಾಕಿಯಿಂದ ವಸೂಲಿ ಮಾಡೋ ಹಾಗಿಲ್ಲ. ಆರು ಜನರ ಬಿಲ್‌ನಲ್ಲಿ ಇವೆಲ್ಲ ಸೇರಿದರೆ ಇನ್ನೊಂದು ಪ್ಲೇಟ್ ದೋಸೆಯ ದುಡ್ಡು ದಾಟುತ್ತೆ. ಆ ವರ್ಷ ಗಂಡನಿಗೆ ಇನ್‌ಕ್ರಿಮೆಂಟ್ ಆಗಿರಲಿಲ್ಲ, ಮನೆ ಸಾಲದ ಇಎಂಐ ಮಾತ್ರ ಒಂದು ತಿಂಗಳೂ ತಪ್ಪುತ್ತಿರಲಿಲ್ಲ.

ಎಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ಫೋನ್‌ನಲ್ಲಿ ಒಂದು ಶೀಟ್ ತೆರೆದೆ. ಹೋಟೆಲ್, ಊರು, ಖರ್ಚು, ಕಾದ ನಿಮಿಷ, ಕೊನೆಯ ಕಾಲಂನಲ್ಲಿ 'ಮನೆಗೆ ಬಂದ ಮೇಲೆ ಅತ್ತೆ ಒಲೆ ಹಚ್ಚಿದರಾ?' ಆ ಕಾಲಂನಲ್ಲಿ 'ಇಲ್ಲ' ಅಂತ ಬಂದರೆ ಮಾತ್ರ ಹೋಟೆಲ್ ಪಾಸ್.

ಜೊತೆಗೆ ಮಕ್ಕಳ ಬಗ್ಗೆಯೂ ಸ್ವಲ್ಪ ಓದಿದೆ. ಹೊಸ ತಿಂಡಿ ಕಂಡರೆ ಹೆದರೋದು ಎರಡರಿಂದ ಆರು ವರ್ಷದ ಮಕ್ಕಳಲ್ಲಿ ತೀರಾ ಸಾಮಾನ್ಯವಂತೆ. ಒಂದು ರುಚಿಗೆ ಒಗ್ಗಕ್ಕೆ ಎಷ್ಟೋ ಮಕ್ಕಳಿಗೆ ಹತ್ತು ಹದಿನೈದು ಸಲ ಅದು ಎದುರಿಗೆ ಬರಬೇಕಾಗುತ್ತಂತೆ. ಎಲಿನ್ ಸ್ಯಾಟರ್ ಅನ್ನೋ ಅಮೆರಿಕದ ಆಹಾರ ತಜ್ಞೆ ಕೆಲಸವನ್ನೇ ಹಂಚಿಬಿಟ್ಟಿದ್ದಾರೆ: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರದು. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನೋದು ಮಗುವಿನದು. ಓದಿದಾಗ ಸುಲಭ ಅನ್ನಿಸಿತು. ಆದರೆ ಹೋಟೆಲ್‌ನಲ್ಲಿ 180 ರೂಪಾಯಿಯ ತಟ್ಟೆ ಹಾಗೇ ಉಳಿದರೆ ಯಾವ ತಾಯಿಗೂ "ಒಂದು ತುತ್ತು, ಒಂದೇ ತುತ್ತು" ಅನ್ನದೇ ಇರಕ್ಕಾಗಲ್ಲ. ಮಕ್ಕಳನ್ನು ಕರಕೊಂಡು ಹೋಗೋ ಜಾಗದಲ್ಲಿ ತಟ್ಟೆ ಅಗ್ಗವಾಗಿರಬೇಕು, ಉಳಿದರೆ ಹೊಟ್ಟೆ ಉರೀಬಾರದು. ಇದು ಶೀಟ್‌ನಿಂದ ನಾನು ಕಲಿತ ಮೊದಲ ಪಾಠ.

ಶಿಡ್ಲಘಟ್ಟ ನನ್ನ ತವರು. ಅಲ್ಲಿಯ ರೇಷ್ಮೆ ಗೂಡು ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿರುತ್ತೆ. ಗೂಡು ತರೋ ರೈತರು, ಕೊಳ್ಳೋ ರೀಲರ್‌ಗಳು, ಆಟೋದವರು, ಎಲ್ಲರಿಗೂ ಬೆಳಗ್ಗೆಯೇ ಹೊಟ್ಟೆ ತುಂಬಬೇಕು. ಅದಕ್ಕೆ ಆ ಕಡೆಯ ಟಿಫನ್ ಹೋಟೆಲ್‌ಗಳಲ್ಲಿ ಹೊತ್ತಿಗೆ ಮುಂಚೆ ಇಡ್ಲಿ ಹಬೆ ಏಳ್ತಿರುತ್ತೆ. ಅಮ್ಮನ ಮನೆಗೆ ಹೋಗಿದ್ದಾಗ ಒಂದು ಬೆಳಗ್ಗೆ ಮಗನನ್ನು ಕರಕೊಂಡು ಹೋದೆ. ನಾಲ್ಕೇ ಟೇಬಲ್, ಗೋಡೆ ಮೇಲೆ ಬೋರ್ಡ್, ಐದಾರು ತಿಂಡಿ. ಕೂತ ಎರಡು ನಿಮಿಷಕ್ಕೆ ಇಡ್ಲಿ ಬಂತು. ಒಂದೇ ಇಡ್ಲಿ ಕೊಡ್ತೀರಾ ಅಂದೆ, ಕೊಟ್ಟರು. ಸಾಂಬಾರ್ ಬೇರೆ ಬಟ್ಟಲಲ್ಲಿ ಅಂದೆ, ಅದಕ್ಕೂ ಸರಿ ಅಂದರು. ಅವನು ಒಂದು ತಿಂದು "ಇನ್ನೊಂದು" ಅಂದ. ನಾನು ಇನ್ನೊಂದು ತರಿಸಿದೆ. ಪಕ್ಕದ ಟೇಬಲ್‌ನ ಅಜ್ಜ ಇಡ್ಲಿಯನ್ನು ಸಾಂಬಾರಲ್ಲಿ ಮುಳುಗಿಸಿ ತಿಂತಿದ್ದರು, ಇವನು ಅದನ್ನೇ ನೋಡ್ತಾ ಕೂತಿದ್ದ. ತಿನ್ನಲಿಲ್ಲ, ನೋಡಿದ ಅಷ್ಟೇ. ಹದಿನೈದರಲ್ಲಿ ಒಂದು ಅಂತ ಬರ್ಕೊಂಡೆ.

ಚಿಂತಾಮಣಿಯಲ್ಲಿ ನಾದಿನಿ ಮನೆ. ಒಂದು ಸಲ ಎಲ್ಲ ಸೇರಿ ಕೈವಾರಕ್ಕೆ ಹೋಗಿದ್ದೆವು. ತಾತಯ್ಯನವರ ದರ್ಶನ ಮಾಡಿ ದಾಸೋಹಕ್ಕೆ ಕೂತೆವು. ನನಗೆ ಒಳಗೊಳಗೇ ಭಯ, ಮಗಳು ಇಲ್ಲಿ ರಂಪ ಮಾಡಿದರೆ ಏನು ಗತಿ ಅಂತ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಊಟ, ಆ ಕಡೆ ಈ ಕಡೆ ಗುರುತಿಲ್ಲದ ಮಕ್ಕಳು ಗಬಗಬ ತಿಂತಿದ್ದಾರೆ. ಇವಳು ಒಂದು ನಿಮಿಷ ಸುತ್ತ ನೋಡಿ, ಅನ್ನ ಸಾರು ಕಲಸಿಕೊಂಡು ತಿಂದಳು. ನಾನು ಫೋಟೋ ತೆಗೆಯಕ್ಕೂ ಹೋಗಲಿಲ್ಲ, ಗಮನಿಸಿದರೆ ನಿಲ್ಲಿಸಿಬಿಟ್ಟಾಳು ಅಂತ. ಮನೆಗೆ ಬಂದ ಮೇಲೆ ಮತ್ತೆ ಅದೇ "ಮಿಕ್ಸ್ ಆಗೋಯ್ತು". ಅವಳನ್ನು ಕೆಡಿಸಿದ್ದು ಹದಿನಾಲ್ಕು ಪುಟದ ಮೆನುವೇ ಇರಬೇಕು. ಏನು ಬೇಕು ಅಂತ ಕೇಳಿದ ತಕ್ಷಣ ಮಕ್ಕಳಿಗೆ ಏನು ಬೇಡ ಅನ್ನೋದೇ ನೆನಪಾಗುತ್ತೆ.

ಗೌರಿಬಿದನೂರಿನ ಕಡೆ ಹೋಗಿದ್ದು ವಿದುರಾಶ್ವತ್ಥ ನೋಡಕ್ಕೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆದ ಜಾಗ. ಮಗಳಿಗೆ ಅದನ್ನು ತೋರಿಸಬೇಕು ಅಂತ ಮಾವನ ಆಸೆ. ಅಲ್ಲಿಂದ ಗೌರಿಬಿದನೂರಿಗೆ ಬರೋ ಹೊತ್ತಿಗೆ ಒಂದೂವರೆ, ಎಲ್ಲರಿಗೂ ಹೊಟ್ಟೆ ಚುರುಚುರು. ಹಿಂದೂಪುರ ಪಕ್ಕದಲ್ಲೇ ಇರೋದರಿಂದ ಅಲ್ಲಿ ಆಂಧ್ರ ಶೈಲಿಯ ಊಟ ಸಿಗುತ್ತೆ. ಎಲೆ ಹಾಸಿದರು. ಖಾರ ಜಾಸ್ತಿ ಇರುತ್ತಲ್ಲ, ಮಕ್ಕಳಿಗೆ ಕಷ್ಟ ಅಂದುಕೊಂಡೆ. ಆದರೆ ಮೊದಲು ಬಂದಿದ್ದು ಪಪ್ಪು, ಬಿಸಿ ಅನ್ನ, ತುಪ್ಪ. ಮಗಳ ಮುಖ ಅರಳಿತು. ಅಷ್ಟಗಲ ಎಲೆ, ಪಲ್ಯ ಅಲ್ಲೊಂದು ಮೂಲೆ, ಹಪ್ಪಳ ಇಲ್ಲೊಂದು ಮೂಲೆ, ಯಾವುದೂ ಯಾವುದಕ್ಕೂ ತಾಗಲ್ಲ! ಏಳು ವರ್ಷದಿಂದ ಅವಳು ಕೇಳ್ತಿದ್ದದ್ದು ಬಾಳೆ ಎಲೆ ಅಂತ ನಮಗೆ ಹೊಳೆದೇ ಇರಲಿಲ್ಲ. ಈಗ ಮನೆಯಲ್ಲೂ ಅವಳಿಗೆ ಭಾಗ ಮಾಡಿದ ಸ್ಟೀಲ್ ತಟ್ಟೆ.

ಫುಲ್ ಮೀಲ್ಸ್ ಕೊಡೋ ಕಡೆ 'ಒಂದು ಊಟ ಇಬ್ಬರು ಹಂಚಿಕೊಳ್ಳುವಂತಿಲ್ಲ' ಅಂತ ಬೋರ್ಡ್ ಇರುತ್ತಲ್ಲ, ಅದಕ್ಕೆ ಸಿಟ್ಟು ಮಾಡ್ಕೋಬೇಡಿ. ಎಷ್ಟು ಸಲ ಬೇಕಾದರೂ ಬಡಿಸೋ ಊಟದಲ್ಲಿ ಅವರಿಗೂ ಲೆಕ್ಕ ಇರುತ್ತೆ. ಕೂರೋ ಮುಂಚೆ ಕ್ಯಾಶ್‌ನಲ್ಲಿ ಇರೋರ ಹತ್ರ "ಮಗುಗೆ ಬರೀ ಅನ್ನ ಮೊಸರು ಸಾಕು, ಎಷ್ಟಾಗುತ್ತೆ?" ಅಂತ ಕೇಳಿ. ನಮಗೆ ಅಲ್ಲಿ 40 ರೂಪಾಯಿಗೆ ಕೊಟ್ಟರು.

ಗೋಬಿ ಮಂಚೂರಿ ಬಗ್ಗೆ ಹೇಳದಿದ್ದರೆ ನನ್ನ ಗಂಡ ಬೇಜಾರಾಗ್ತಾನೆ. ತಿನ್ನಲಿ, ಆದರೆ ಕೆಂಪಗೆ ಹೊಳೀತಿದ್ದರೆ ಬೇಡ. ಗೋಬಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಹಾಕೋದನ್ನು ರಾಜ್ಯ ಸರ್ಕಾರ 2024ರ ಮಾರ್ಚ್ 11ರಂದೇ ನಿಷೇಧಿಸಿದೆ.

ಇಷ್ಟೆಲ್ಲ ಸುತ್ತಿದರೂ ನಮ್ಮೂರಲ್ಲೇ, ಆರು ಜನರಿಗೂ ಆಗೋ ಒಂದು ಜಾಗ ಸಿಕ್ಕಿರಲಿಲ್ಲ. ಭಾನುವಾರ ನಂದಿ ಬೆಟ್ಟಕ್ಕೆ, ಈಶಾದ ಆದಿಯೋಗಿ ನೋಡಕ್ಕೆ ಬೆಂಗಳೂರಿನಿಂದ ಕಾರುಗಳ ಸಾಲು, ಹೈವೇ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಕಾಲಿಡಕ್ಕಾಗಲ್ಲ. ಮಿಲಿಟರಿ ಹೋಟೆಲ್‌ನಲ್ಲಿ ಮಾವನಿಗೆ ಮುದ್ದೆ, ನಾಟಿ ಕೋಳಿ ಸಾರು ಸ್ವರ್ಗ, ಮಗನಿಗೆ ಅಲ್ಲಿ ಬಿಳಿಯದು ಅಂದ್ರೆ ಉಪ್ಪು ಮತ್ತು ಬಿಳಿ ಅನ್ನ. ದರ್ಶಿನಿ ಅಗ್ಗ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ಅದರ ಗುಟ್ಟೇ ನಿಂತು ತಿನ್ನೋದು, ತಟ್ಟೆ ನಾವೇ ತಗೊಳ್ಳೋದು. ಅತ್ತೆಯ ಮಂಡಿಗೆ ಆ ಗುಟ್ಟು ಆಗಿಬರಲ್ಲ.

ಒಂದು ರಾತ್ರಿ ಶೀಟ್ ನೋಡ್ತಾ ಕೂತಿದ್ದೆ. ಹದಿನೇಳು ಸಾಲು. ಕೊನೆಯ ಕಾಲಂನಲ್ಲಿ 'ಇಲ್ಲ' ಅಂತ ಇದ್ದದ್ದು ಐದು. ಕೈವಾರ, ಗೌರಿಬಿದನೂರು ಬಿಟ್ಟರೆ ಉಳಿದ ಮೂರೂ ಬೆಳಗ್ಗೆ ಹೋದವು! ಹೋಟೆಲ್ ಯಾವುದು ಅಂತ ಹುಡುಕ್ತಾ ಯಾವ ಹೊತ್ತು ಅನ್ನೋದನ್ನೇ ನಾನು ನೋಡಿರಲಿಲ್ಲ. ಬೆಳಗಿನ ತಿಂಡಿ ಅಂದ್ರೆ ಬಿಳಿ ಇಡ್ಲಿ ಇರುತ್ತೆ, ಪಲ್ಯ ಬೇರೆ ಇಟ್ಟ ದೋಸೆ ಇರುತ್ತೆ, ಮಾವ ಬೆಳಗ್ಗೆ ಮುದ್ದೆ ಕೇಳಲ್ಲ, ಮಕ್ಕಳು ನಿದ್ದೆಗಣ್ಣಲ್ಲಿ ಜಗಳ ಆಡಲ್ಲ, ಹೈವೇ ಕಡೆಯ ಜನ ಇನ್ನೂ ಊರೊಳಗೆ ಬಂದಿರಲ್ಲ. ಖರ್ಚು ರಾತ್ರಿ ಊಟದ ಕಾಲು ಭಾಗ. ಎಂಟು ಗಂಟೆಯ ಒಳಗೆ ಹೋಗಬೇಕು. ಒಂಬತ್ತರ ಮೇಲೆ ಸಾಂಬಾರಿಗೆ ನೀರು ಬೀಳುತ್ತೆ, ಇದು ನನ್ನ ಅನುಮಾನ.

ಹೋಟೆಲ್ ಹೆಸರು ಕೇಳಬೇಡಿ. ಭಟ್ಟರು ಬದಲಾದರೆ ಹೋಟೆಲ್ ಬದಲಾಯಿತು ಅಂತಲೇ ಲೆಕ್ಕ. ನಮ್ಮದು ಊರೊಳಗಿನ, ನೆಲಮಹಡಿಯ, ಬೆನ್ನಿರೋ ಕುರ್ಚಿಯ, ಅಡುಗೆಮನೆ ಕಾಣೋ ಒಂದು ಟಿಫನ್ ರೂಮ್. ನಿಮ್ಮೂರಲ್ಲೂ ಅಂಥದ್ದು ಇರುತ್ತೆ. ಮೊದಲ ಸಲ ಒಬ್ಬರೇ ಹೋಗಿ ಒಂದು ಇಡ್ಲಿ ತಿಂದು, ಕೈ ತೊಳೆಯೋ ಜಾಗ ನೋಡಿ ಬನ್ನಿ. ಬಿಲ್ ಕೊಟ್ಟರೆ ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ, 2022ರಿಂದ ಅದು ಕಡ್ಡಾಯ. ನಮ್ಮ ಆರು ಜನರ ಬಿಲ್ ಕಾಫಿ ಸೇರಿ 520ರಿಂದ 600.

ಉಳಿದದ್ದು ಮಧ್ಯಾಹ್ನದ ಮುದ್ದೆ. ತಿಂಡಿ ಮುಗಿಸಿ ಬಂದ ಮೊದಲ ಭಾನುವಾರ ಹನ್ನೆರಡೂವರೆಗೆ ಅತ್ತೆ ಅಭ್ಯಾಸದಂತೆ ಎದ್ದರು. ಗಂಡ, "ಕೂತ್ಕೋಮ್ಮ, ನಾನು ಮಾಡ್ತೀನಿ" ಅಂದ. ಮಿಲಿಟರಿ ಹೋಟೆಲ್‌ನಿಂದ ಸಾರು ಪಾರ್ಸಲ್ ತಂದಿದ್ದ, ಅತ್ತೆಗೆ, ನನಗೆ ಬೇರೆ ಕಡೆಯಿಂದ ಸೊಪ್ಪಿನ ಸಾರು. ಮಾವನಿಗೆ ಇದು ಸರಿಬೀಳಲಿಲ್ಲ. "ಇವನು ಮುದ್ದೆ ಮಾಡ್ತಾನಂತೆ, ಕಂಪ್ಯೂಟರ್ ಒತ್ತಿದಂಗಾ?" ಅಂತ ಹೊರಗಿನಿಂದಲೇ ಗೊಣಗಿದರು. ಮೊದಲನೇ ಮುದ್ದೆಯಲ್ಲಿ ಹಿಟ್ಟಿನ ಗಂಟು. ಎರಡನೇ ವಾರ ಹಸಿ ವಾಸನೆ. ಅತ್ತೆ ಮಂಚದ ಮೇಲಿನಿಂದಲೇ "ಉರಿ ಸಣ್ಣ ಮಾಡು, ಮುಚ್ಚಿಡು, ಆಮೇಲೆ ಕೋಲು ಹಾಕು" ಅಂತ ಹೇಳ್ತಿದ್ದರು. ಎದ್ದು ಬರಲಿಲ್ಲ. ಐದನೇ ವಾರ ಮಾವ ಏನೂ ಹೇಳದೆ ಎರಡನೇ ಮುದ್ದೆ ಹಾಕಿಸಿಕೊಂಡರು.

ಮಗ ಈಗ ಇಡ್ಲಿಯ ಒಂದು ತುದಿಯನ್ನು ಸಾಂಬಾರಿಗೆ ಅದ್ದಿ, ಹಳದಿಯಾದಷ್ಟನ್ನು ಅಕ್ಕನ ತಟ್ಟೆಗೆ ಹಾಕ್ತಾನೆ. ಅವಳು ಕಿರುಚ್ತಾಳೆ. ಅತ್ತೆ ಮೊದಲ ಎರಡು ತಿಂಗಳು ಏನು ಬೇಕು ಅಂದರೆ "ನೀವೇನು ತಗೋತೀರೋ ಅದೇ" ಅಂತಿದ್ದರು. ಮೊನ್ನೆ ಭಾನುವಾರ ನಾನು ಮಕ್ಕಳ ಕೈ ತೊಳೆಸಿ ವಾಪಸ್ ಬಂದರೆ ಅವರೇ ಸಪ್ಲಯರ್‌ನ ಕರೆದು, "ಇನ್ನೊಂದು ಕಾಫಿ ಕೊಡಪ್ಪ, ಸ್ಟ್ರಾಂಗ್ ಆಗಿರಲಿ" ಅಂತಿದ್ದರು.