ಆರದ ಹಳದಿ ದೀಪ ಮತ್ತು ಒಂದು ಸಣ್ಣ ಬಿರುಕು

‘ರೀ, ಇದು ಇನ್ನೂ ಉರೀತಾನೇ ಇದೆಯಲ್ಲ?’

ಚೆಕಪ್ ಮುಗಿಸಿ ಕಾರು ಹತ್ತಿದ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಸ್ಪೀಡೋಮೀಟರ್ ಪಕ್ಕದ ಎಂಜಿನ್ ಚಿತ್ರದ ಹಳದಿ ದೀಪ ಮೂರು ವಾರದಿಂದ ಆರಿರಲಿಲ್ಲ. ಅವಳಿಗೆ ಎಂಟು ತಿಂಗಳು. ‘ಮಧ್ಯರಾತ್ರಿ ನೋವು ಬಂದ್ರೆ ಇದನ್ನ ನಂಬ್ಕೊಂಡು ಹೋಗೋದಾ?’ ಎಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಗ್ಯಾರೇಜಿಗೆ ಎರಡು ಸಲ ಹೋಗಿದ್ದೆ. ಮೊದಲ ಸಲ ಕೋಡ್ ಅಳಿಸಿ ಕಳಿಸಿದರು. ಮೂರೇ ದಿನಕ್ಕೆ ದೀಪ ಮತ್ತೆ ಹಾಜರ್. ಎರಡನೇ ಸಲ, ‘ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, 8,000 ಆಗುತ್ತೆ’ ಅಂದರು. ಹೆರಿಗೆಗೆಂದು ಎತ್ತಿಟ್ಟ ದುಡ್ಡು ಅದು. ಕೊಡೋಕೆ ಮೊದಲು ನಾನೇ ಒಮ್ಮೆ ನೋಡೋಣ ಅನ್ನಿಸಿತು.

ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತರಿಸಿದೆ. ಸ್ಟಿಯರಿಂಗ್ ಕೆಳಗೆ 16 ಪಿನ್‌ನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿ ಫೋನಿನಲ್ಲಿ ಆ್ಯಪ್ ತೆರೆದರೆ ಬಂದದ್ದು: ಪಿ0171. ಅಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ತಪ್ಪಿದೆ ಎಂದು ಹೇಳುವುದೇ ಆಕ್ಸಿಜನ್ ಸೆನ್ಸರ್. ಅಂದರೆ ಅದು ದೂರು ಕೊಟ್ಟವನು. ಕಳ್ಳ ಬೇರೆಯವನೇ ಇರಬಹುದಲ್ಲ?

ಆ್ಯಪ್‌ನಲ್ಲಿ ‘ಫ್ಯುಯಲ್ ಟ್ರಿಮ್’ ಅಂತ ಒಂದು ಸಂಖ್ಯೆ ಕಾಣುತ್ತದೆ. ಲೆಕ್ಕ ಸರಿದೂಗಿಸಲು ಕಾರಿನ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕುತ್ತಿದೆ ಎಂದು ಅದು ಹೇಳುತ್ತದೆ. ಸಾಮಾನ್ಯವಾಗಿ ಶೇ. 10ರೊಳಗೆ ಇರಬೇಕು. ನಮ್ಮದು ನಿಂತಲ್ಲೇ ಓಡುವಾಗ ಶೇ. 24. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರೆ ಶೇ. 6ಕ್ಕೆ ಇಳಿಯಿತು.

ಸುಳಿವು ಸಿಕ್ಕಿದ್ದು ಇಲ್ಲೇ. ಪೆಟ್ರೋಲ್ ಪಂಪ್ ಸೋತಿದ್ದರೆ ವೇಗ ಹೆಚ್ಚಿದಂತೆ ತೊಂದರೆಯೂ ಹೆಚ್ಚಬೇಕಿತ್ತು. ಕಡಿಮೆಯಾಯಿತು ಅಂದರೆ, ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಎಲ್ಲೋ ತೂತು ಬಿದ್ದಿದೆ. ಎಂಜಿನ್ ಸ್ವಲ್ಪವೇ ಗಾಳಿ ಎಳೆಯುವಾಗ ನುಸುಳಿದ ಗಾಳಿ ದೊಡ್ಡ ಪಾಲಾಗುತ್ತದೆ. ಜಾಸ್ತಿ ಎಳೆಯುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿ, ಎಂಜಿನ್ ಚಾಲು ಮಾಡಿದೆ. ಮೂವತ್ತು ವರ್ಷ ಸ್ಕೂಟರ್ ಜೊತೆ ಏಗಿದ ಅಪ್ಪ ಕಾಫಿ ಲೋಟ ಹಿಡಿದು ಬಂದು ಕಣ್ಣು ಮುಚ್ಚಿ ಕೇಳಿಸಿಕೊಂಡರು. ‘ಆ ಮೂಲೇಲಿ ಸುಸ್ ಅಂತಿದೆ ಕಣೋ.’

ಎಂಜಿನ್ ಆಫ್ ಮಾಡಿ, ಆರಿದ ಮೇಲೆ ಕೈ ಹಾಕಿದೆ. ಬೆರಳು ದಪ್ಪದ ರಬ್ಬರ್ ಪೈಪಿನ ತಿರುವಿನ ಅಡಿಯಲ್ಲಿ ಬಿರುಕು. ಪಕ್ಕದಲ್ಲೇ ಇಲಿ ಹಲ್ಲಿನ ಗುರುತು, ಹಿಕ್ಕೆ! ಅಕ್ಕಪಕ್ಕದ ವೈರುಗಳು ಪುಣ್ಯಕ್ಕೆ ಉಳಿದಿದ್ದವು. ಹೊಸ ಪೈಪಿಗೆ 220 ರೂಪಾಯಿ. ಹಾಕಿದ ಮೇಲೆ ಟ್ರಿಮ್ ಶೇ. 3. ಆಮೇಲಷ್ಟೇ ಕೋಡ್ ಅಳಿಸಿದೆ.

ನೀವೂ ನೋಡುವುದಾದರೆ ಕೆಲವು ಮಾತು. ಅಳಿಸುವ ಮೊದಲು ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬೇಡಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಬೇಡ. ಹಳದಿ ದೀಪ ಮಿಣುಕುತ್ತಿದ್ದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಹಾಗೇ ಓಡಿಸಿದರೆ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಆಯಿಲ್ ಅಥವಾ ಟೆಂಪರೇಚರ್‌ನ ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ನಿಲ್ಲಿಸಿ.

ಮೂರು ವಾರದ ನಂತರ, ರಾತ್ರಿ ಎರಡೂವರೆಗೆ ಕೀ ತಿರುಗಿಸಿದೆ. ಎಲ್ಲ ದೀಪಗಳೂ ಒಮ್ಮೆ ಹೊತ್ತಿ ಒಂದೊಂದಾಗಿ ಆರಿದವು. ಆ ನೋವಿನಲ್ಲೂ ಅವಳು ಬಗ್ಗಿ ನೋಡಿ, ‘ಆರ್ತು ಅಲ್ವಾ?’ ಅಂದಳು. ‘ಆರ್ತು’ ಅಂದೆ.

ಮಗಳಿಗೀಗ ನಾಲ್ಕು ತಿಂಗಳು. ಪ್ರತಿ ಭಾನುವಾರ ಬಾನೆಟ್ ಎತ್ತಿ ಇಲಿ ಬಂದಿದೆಯಾ ಎಂದು ನೋಡುವ ಕೆಲಸ ಅಪ್ಪನದು.