ವಾಲಿದ ಮರಕ್ಕೆ ಹಗ್ಗದ ಲಗಾಮು

ಮೈಸೂರಿನಿಂದ ಹುಣಸೂರನ್ನು ಹಾದು ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ, ಪಿರಿಯಾಪಟ್ಟಣಕ್ಕೆ ಮೊದಲೇ ಎದುರಾಗುವ ಊರು ಕಂಪಲಾಪುರ. ಹೊಗೆಸೊಪ್ಪಿನ ಹರಾಜಿಗೆ ಹೆಸರಾದ ಸ್ಥಳ. ಇಲ್ಲಿನ ಒಂದು ಹಿತ್ತಿಲಲ್ಲಿ, ಮುಂಗಾರಿನ ಗಾಳಿಗೆ ಹಳೆಯ ಹಲಸಿನ ಮರವೊಂದು ಹಂಚಿನ ಮನೆಯ ಕಡೆಗೆ ವಾಲಿ ನಿಂತಿದೆಯೆನ್ನಿ. ಅದರ ನೇರಕ್ಕೇ ಮಕ್ಕಳು ಮಲಗುವ ಕೋಣೆ. ಕಡಿಯದಿದ್ದರೆ ಭಯ, ಕಡಿದರೆ ಇನ್ನೂ ಹೆಚ್ಚಿನ ಭಯ!

ಇಂಥ ಮರವನ್ನು ಮನೆಯಿಂದಾಚೆಗೆ ಕೆಡವಬೇಕಾದರೆ ಕೊಡಲಿಗಿಂತ ಮೊದಲು ಹಗ್ಗ ಬೇಕು. ಆ ಹಗ್ಗವನ್ನು ಎಷ್ಟು ಎತ್ತರದಲ್ಲಿ ಕಟ್ಟಬೇಕೆಂಬುದೇ ಮೊದಲ ಪ್ರಶ್ನೆ. ಮರದ ತೂಕ 3 ಟನ್, ಆ ಭಾರದ ಕೇಂದ್ರವು ಬುಡದಿಂದ 1 ಮೀಟರಿನಷ್ಟು ಮನೆಯ ಕಡೆಗೆ ಸರಿದಿದೆ ಎಂದಿಟ್ಟುಕೊಂಡರೆ, 5 ಮೀಟರ್ ಎತ್ತರದಲ್ಲಿ ಕಟ್ಟಿದ ಹಗ್ಗವನ್ನು ಅಡ್ಡಲಾಗಿ ಸುಮಾರು 600 ಕಿಲೋಗ್ರಾಂ ಬಲದಿಂದ ಎಳೆಯಬೇಕು. 10 ಮೀಟರ್ ಎತ್ತರದಲ್ಲಿ ಕಟ್ಟಿದರೆ 300 ಸಾಕು. ಆದರೆ ಎಳೆಯುವವರು ಬುಡಕ್ಕೆ ಹತ್ತಿರವಾಗಿ ನಿಂತು ಹಗ್ಗ ಕಡಿದಾಗಿ ಇಳಿದರೆ ಬಲದ ಒಂದಂಶ ವ್ಯರ್ಥವಾಗುತ್ತದೆ. ಮರ ಅವರ ಮೇಲೆಯೇ ಬಿದ್ದೀತು. ಆದುದರಿಂದ ಹಗ್ಗವು ಮರದ ಎತ್ತರಕ್ಕಿಂತಲೂ ಬಹಳ ಉದ್ದವಾಗಿರಬೇಕು.

ಎಚ್.ಡಿ. ಕೋಟೆಯ ಕಾಕನಕೋಟೆಯಲ್ಲಿ 1971ರವರೆಗೆ ಖೆಡ್ಡಾ ನಡೆಯುತ್ತಿತ್ತು. ಸೆರೆಸಿಕ್ಕ ಕಾಡಾನೆಯನ್ನು ಹಿಡಿದು ನಿಲ್ಲಿಸುತ್ತಿದ್ದುದು ಮನುಷ್ಯನ ತೋಳ್ಬಲವಲ್ಲ, ಮರದ ಬುಡಕ್ಕೆ ಬಿಗಿದ ಹಗ್ಗ. ಇಲ್ಲಿಯೂ ಉಪಾಯ ಅದೇ. ದೂರದ ಗಟ್ಟಿಮರವೊಂದರ ಬುಡಕ್ಕೆ ರಾಟೆಯನ್ನು ಕಟ್ಟಿ, ಅದರ ಮೂಲಕ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿದರೆ, ಎಳೆಯುವವರು ಮರ ಬೀಳುವ ದಾರಿಯಿಂದ ಹೊರಗೆ ನಿಲ್ಲಬಹುದು. ಹಗ್ಗದ ತುದಿಯನ್ನು ಇನ್ನೊಂದು ಬುಡಕ್ಕೆ ಎರಡು ಸುತ್ತು ಸುತ್ತಿದರೆ, ಎಳೆದಷ್ಟು ಹಗ್ಗ ಹಿಂದಕ್ಕೆ ಜಾರದು. ಮರ ಪಕ್ಕಕ್ಕೆ ಹೊರಳದಂತೆ ಎರಡು ಬದಿಗೂ ಒಂದೊಂದು ಹಗ್ಗವನ್ನು ಕಟ್ಟುವುದುಂಟು.

ಇನ್ನು ಕಡಿಯುವ ಕೆಲಸ. ಬೀಳಬೇಕಾದ ಕಡೆಗೆ ಕಾಂಡದ ಕಾಲುಭಾಗದಷ್ಟು ಆಳದ ಕಚ್ಚನ್ನು ಹಾಕಿ, ಹಗ್ಗವನ್ನು ಬಿಗಿಮಾಡಿದ ಮೇಲೆಯೇ ಹಿಂಬದಿಯಿಂದ ಗರಗಸವನ್ನಾಡಿಸಬೇಕು. ನಡುವೆ ಕಾಂಡದ ಅಗಲದ ಹತ್ತನೆಯ ಒಂದು ಭಾಗವನ್ನು ಕೊಯ್ಯದೆ ಬಿಡಬೇಕು. 50 ಸೆಂಟಿಮೀಟರ್ ಕಾಂಡಕ್ಕೆ 5 ಸೆಂಟಿಮೀಟರ್. ಬಾಗಿಲಿಗೆ ಕೀಲು ಇದ್ದಂತೆ ಮರಕ್ಕೆ ಈ ಪಟ್ಟಿ. ಅದನ್ನೂ ಕೊಯ್ದುಬಿಟ್ಟರೆ ಹಗ್ಗವೊಂದರಿಂದಲೇ ಮರವನ್ನು ದಾರಿಯಲ್ಲಿಡುವುದು ಸಾಧ್ಯವಿಲ್ಲ. ಹಿಂಬದಿಯ ಕೊಯ್ತದಲ್ಲಿ ಬೆಣೆಗಳನ್ನು ಬಡಿದಿಟ್ಟರೆ ಮರ ಮತ್ತೆ ಮನೆಯತ್ತ ಕೂರುವುದಿಲ್ಲ.

ಎಳೆತ ನಿಧಾನವಾಗಿ, ಒಂದೇ ಸಮನಾಗಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ನೈಲಾನ್ ಹಗ್ಗವು ಹಿಗ್ಗಿ ಹರಿದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಬೇರು ಮೇಲೆದ್ದು ನೆಲ ಬಿರಿದಿದ್ದರೆ ಮರವನ್ನು ಹತ್ತಲೇಬಾರದು. ವಾಲಿಕೆ ಬಹಳವಾಗಿದ್ದರೆ ಎಳೆದು ಕೆಡಹುವ ಹಂಬಲವನ್ನೇ ಬಿಟ್ಟು, ನುರಿತವರಿಂದ ಕೊಂಬೆಗಳನ್ನು ಒಂದೊಂದಾಗಿ ಹಗ್ಗದಲ್ಲಿ ಇಳಿಸಿಸುವುದೇ ಕ್ಷೇಮ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಕೆಲವು ಜಾತಿಗಳನ್ನುಳಿದು, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿಯೂ ಬೇಕು.

ಹಗ್ಗ ಕಟ್ಟುವುದರಲ್ಲಿಯೇ ಅರ್ಧ ದಿನ ಕಳೆಯಿತೆಂದು ಮನೆಯವರು ಗೊಣಗಬಹುದು. ಆದರೆ ಮರ ಬೀಳಲು ಕೆಲವೇ ಕ್ಷಣ ಸಾಕು. ಆ ಕ್ಷಣಗಳಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಯಾರಿಗೂ ವೇಳೆ ಇರುವುದಿಲ್ಲ.