ಮನೆಯ ಗಣಕದಲ್ಲಿ ಕರೆಯದೆ ಬಂದ ಮಧ್ಯವರ್ತಿ

ಮೋಡೆಮ್‌ನ ದೀಪಗಳು ಸರಿಯಾಗಿಯೇ ಉರಿಯುತ್ತಿವೆ. ಅದೇ ವೈಫೈಗೆ ಸೇರಿಸಿದ ಮೊಬೈಲಿನಲ್ಲಿ ಜಾಲತಾಣಗಳು ತೆರೆದುಕೊಳ್ಳುತ್ತಿವೆ. ಗಣಕದಲ್ಲಿ ಮಾತ್ರ ಯಾವ ವಿಳಾಸ ಕೊಟ್ಟರೂ 'ಪ್ರಾಕ್ಸಿ ಸರ್ವರ್‌ನ ಸಂಪರ್ಕ ಸಾಧ್ಯವಾಗುತ್ತಿಲ್ಲ' ಎಂಬ ಒಂದೇ ಉತ್ತರ. ನಮ್ಮ ನೆರೆಮನೆಯಲ್ಲಿ ಹೀಗಾದದ್ದು ಮಗಳು ಸಿಇಟಿ ಕಾಲೇಜು ಆಯ್ಕೆಗಳನ್ನು ದಾಖಲಿಸಬೇಕಿದ್ದ ಕೊನೆಯ ದಿನ. ಹಿಂದಿನ ರಾತ್ರಿ ವೈರಸ್ ನಿರೋಧಕ ತಂತ್ರಾಂಶ ಯಾವುದೋ ಕಡತವನ್ನು ಹಿಡಿದು ಅಳಿಸಿತ್ತಂತೆ. 'ವೈರಸ್ ಹೋಯಿತು, ಜೊತೆಗೆ ಇಂಟರ್‌ನೆಟ್ಟೂ ಹೋಯಿತು' ಎಂದು ಮನೆಯವರ ದೂರು. ಈ ಎರಡಕ್ಕೂ ನಿಜವಾಗಿಯೇ ಸಂಬಂಧವಿದೆ.

ಪ್ರಾಕ್ಸಿ ಎಂದರೆ ಮಧ್ಯವರ್ತಿ. ಕಚೇರಿಯ ಪತ್ರಗಳೆಲ್ಲ ಟಪಾಲು ಗುಮಾಸ್ತರ ಮೇಜಿನ ಮೂಲಕವೇ ಹೋಗಿ ಬರುವಂತೆ, ಬ್ರೌಸರ್ ತನ್ನ ಕೋರಿಕೆಯನ್ನು ಪ್ರಾಕ್ಸಿಗೆ ಕೊಡುತ್ತದೆ. ಪ್ರಾಕ್ಸಿ ಅದನ್ನು ಜಾಲತಾಣಕ್ಕೆ ಒಯ್ದು ಉತ್ತರ ತರುತ್ತದೆ. ಕಾಲೇಜು, ಕಚೇರಿಗಳಲ್ಲಿ ಇದು ತೀರಾ ಸಾಮಾನ್ಯ ವ್ಯವಸ್ಥೆ. ಬೇಡದ ತಾಣಗಳನ್ನು ತಡೆಯಲು, ಒಮ್ಮೆ ತಂದ ಪುಟವನ್ನು ಇಟ್ಟುಕೊಂಡು ಮತ್ತೊಬ್ಬರಿಗೆ ಬೇಗ ಕೊಡಲು ಇದು ಅನುಕೂಲ. ಕಚೇರಿಯ ಲ್ಯಾಪ್‌ಟಾಪನ್ನು ಮನೆಗೆ ತಂದಿದ್ದರೆ ಅದರಲ್ಲಿ 8080 ಅಥವಾ 3128 ಎಂಬ ಪೋರ್ಟ್ ಸಂಖ್ಯೆಯೊಡನೆ ಪ್ರಾಕ್ಸಿ ವಿಳಾಸ ಕಂಡರೆ ಗಾಬರಿ ಬೇಡ. ಆದರೆ ಮನೆಯ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಪ್ರಾಕ್ಸಿ ಬೇಕಾಗಿಯೇ ಇಲ್ಲ. ನೀವು ಹಾಕದ ವಿಳಾಸ ಅಲ್ಲಿದ್ದರೆ, ಹಾಕಿದವರು ಯಾರು?

ಕುತಂತ್ರಾಂಶಗಳಿಗೆ ಈ ಜಾಗ ಪ್ರಿಯವಾಗಲು ಕಾರಣವಿದೆ. ಒಂದೇ ಸಾಲನ್ನು ಬದಲಿಸಿದರೆ ಸಾಕು, ಆ ಗಣಕದ ಬ್ರೌಸರ್ ಸಂಚಾರವೆಲ್ಲ ಅವುಗಳ ಕೈಮೇಲೆ ಹಾದುಹೋಗುತ್ತದೆ. ಹೆಚ್ಚಾಗಿ ಕಾಣುವ ವಿಳಾಸ 127.0.0.1. ಗಣಕ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ ಇದು. ಅಂದರೆ ಗಣಕದೊಳಗೇ ಒಂದು ಪ್ರೋಗ್ರಾಂ ಕುಳಿತು ಬರುವ ಪುಟಗಳಿಗೆ ಜಾಹೀರಾತು ತುರುಕುತ್ತಿರುತ್ತದೆ. ನಿರೋಧಕ ತಂತ್ರಾಂಶ ಆ ಪ್ರೋಗ್ರಾಂ ಅನ್ನು ಅಳಿಸಿ ಸಾಲನ್ನು ಹಾಗೆಯೇ ಬಿಟ್ಟರೆ, ಬ್ರೌಸರ್ ಇಲ್ಲದ ಗುಮಾಸ್ತರ ಮೇಜಿಗೆ ಪತ್ರ ಕೊಂಡೊಯ್ಯುತ್ತಲೇ ಇರುತ್ತದೆ. ನೆರೆಮನೆಯಲ್ಲಿ ಆದದ್ದು ಇದೇ.

ಇನ್ನೊಂದು ದಾರಿ ಹೆಚ್ಚು ಕುಟಿಲ. ಯಾವ ತಾಣಕ್ಕೆ ಯಾವ ಪ್ರಾಕ್ಸಿ ಎಂದು ಹೇಳುವ ಪುಟ್ಟ ಸ್ಕ್ರಿಪ್ಟ್ ಕಡತದ ಸೌಲಭ್ಯವನ್ನು ನೆಟ್‌ಸ್ಕೇಪ್ ಸಂಸ್ಥೆ 1996ರಲ್ಲಿ ತಂದಿತು. ಬ್ರೆಜಿಲ್‌ನ ಸೈಬರ್ ಕಳ್ಳರು ಇದನ್ನು ತಿರುಚಿ, ಬ್ಯಾಂಕಿನ ವಿಳಾಸ ಬಂದಾಗ ಮಾತ್ರ ತಮ್ಮ ಪ್ರಾಕ್ಸಿಗೆ ಕಳಿಸುವಂತೆ ಮಾಡಿದರು. ಉಳಿದ ತಾಣಗಳು ಎಂದಿನಂತೆಯೇ ನಡೆಯುವುದರಿಂದ ಯಾರಿಗೂ ಸಂಶಯ ಬಾರದು.

ಬೀಗದ ಚಿಹ್ನೆಯ ಗೂಢಲಿಪಿ ಸಂಪರ್ಕವಿದ್ದರೆ ಪ್ರಾಕ್ಸಿಗೆ ತಾಣದ ಹೆಸರು ತಿಳಿಯುತ್ತದೆಯೇ ಹೊರತು ಗುಪ್ತಪದ ತಿಳಿಯದು. ಕುತಂತ್ರಾಂಶ ತನ್ನದೇ ಮೂಲ ಪ್ರಮಾಣಪತ್ರವನ್ನು ಗಣಕದಲ್ಲಿ ಸ್ಥಾಪಿಸಿದ್ದರೆ ಮಾತ್ರ ಆ ರಕ್ಷಣೆಯೂ ಕುಸಿಯುತ್ತದೆ. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿ ಬಂದಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಹೀಗೆ ಮಾಡುತ್ತಿದ್ದುದು ಬಯಲಾಗಿ ದೊಡ್ಡ ಗದ್ದಲವಾಯಿತು.

ಪತ್ತೆ ಹೇಗೆ? ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್', ಅದರೊಳಗೆ 'ಪ್ರಾಕ್ಸಿ' ತೆರೆಯಿರಿ. ತಾನಾಗಿ ಪತ್ತೆಹಚ್ಚುವ ಆಯ್ಕೆ ಚಾಲೂ ಇರುವುದು ಸಹಜ. ನೋಡಬೇಕಾದುದು ಸ್ಕ್ರಿಪ್ಟ್ ವಿಳಾಸ ಮತ್ತು ಕೈಯಾರೆ ಹಾಕುವ ಪ್ರಾಕ್ಸಿ. ಕ್ರೋಮ್, ಎಡ್ಜ್ ಎರಡೂ ಇದನ್ನೇ ಅನುಸರಿಸುತ್ತವೆ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರತ್ಯೇಕ ಆಯ್ಕೆ ಉಂಟು. ಅದರಲ್ಲಿ 'ನೋ ಪ್ರಾಕ್ಸಿ' ಎಂದು ಇಟ್ಟಾಗ ಪುಟ ತೆರೆದುಕೊಂಡು ಕ್ರೋಮ್‌ನಲ್ಲಿ ತೆರೆಯದಿದ್ದರೆ ದೋಷ ಎಲ್ಲಿದೆ ಎಂಬುದು ಖಚಿತ. ಈ ಆಯ್ಕೆ ಸಾಮಾನ್ಯವಾಗಿ ಬಳಕೆದಾರರ ಖಾತೆಗೆ ಸೇರಿದ್ದು. ಹಾಗಾಗಿ ಅದೇ ಗಣಕದ ಬೇರೆ ಖಾತೆಯಲ್ಲಿ ಎಲ್ಲವೂ ಸರಿಯಿರಲೂಬಹುದು.

ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಯ್ಕೆಯನ್ನು ಬಂದ್ ಮಾಡಿ. ಜಾಲ ಸಂಪರ್ಕ ಮರಳಿತೆಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ನಿಜವಾದ ಪರೀಕ್ಷೆ ಗಣಕವನ್ನು ಮರುಚಾಲನೆ ಮಾಡಿದ ಮೇಲೆ. ವಿಳಾಸ ಮತ್ತೆ ಪ್ರತ್ಯಕ್ಷವಾದರೆ ಅದನ್ನು ಬರೆಯುವ ಯಾವುದೋ ಪ್ರೋಗ್ರಾಂ ಇನ್ನೂ ಜೀವಂತವಾಗಿದೆ ಎಂದೇ ಅರ್ಥ. ಆಗ ಮೊದಲು ಜಾಲ ಸಂಪರ್ಕ ತೆಗೆಯಿರಿ. ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದದ್ದನ್ನು ಗಮನಿಸಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿ, ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳು, ಮರೆಯದೆ ಟಾಸ್ಕ್ ಶೆಡ್ಯೂಲರ್ ನೋಡಿ. ಕೊನೆಗೆ ಮೈಕ್ರೋಸಾಫ್ಟ್ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆ ನಡೆಸಿ. ವಿಂಡೋಸ್ ಪೂರ್ತಿ ಏಳುವ ಮುನ್ನವೇ ಅದು ನಡೆಯುವುದರಿಂದ ಅಡಗಿ ಕೂರುವ ಕುತಂತ್ರಾಂಶಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತದೆ. 'ಗಣಕ ಶುದ್ಧಿ' ಎಂದು ಜಾಹೀರಾತಿನಲ್ಲಿ ಕೂಗುವ ತಂತ್ರಾಂಶಗಳ ತಂಟೆ ಮಾತ್ರ ಬೇಡ. ಎಷ್ಟೋ ಬಾರಿ ರೋಗ ಬಂದದ್ದೇ ಆ ಔಷಧದಿಂದ.

ಪ್ರಾಕ್ಸಿ ಖಾಲಿಯಿದ್ದೂ ಪುಟಗಳು ಅಡ್ಡದಾರಿ ಹಿಡಿದರೆ ಡಿಎನ್‌ಎಸ್ ವಿಳಾಸವನ್ನು, ಗಣಕದಲ್ಲೂ ರೌಟರ್‌ನಲ್ಲೂ ಪರಿಶೀಲಿಸಬೇಕು. 2011ರಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ಡಿಎನ್‌ಎಸ್ ಚೇಂಜರ್ ಜಾಲ ಸುಮಾರು 40 ಲಕ್ಷ ಗಣಕಗಳನ್ನು ಹೀಗೆ ಕೆಡಿಸಿತ್ತು. ಕಳ್ಳರ ಸರ್ವರ್‌ಗಳನ್ನು ಥಟ್ಟನೆ ನಿಲ್ಲಿಸಿದರೆ ಆ ಗಣಕಗಳ ಜಾಲ ಸಂಪರ್ಕವೂ ಕಡಿಯುತ್ತದೆಂದು, ನ್ಯಾಯಾಲಯದ ಅನುಮತಿ ಪಡೆದು ಬದಲಿ ಸರ್ವರ್‌ಗಳನ್ನು 2012ರ ಜುಲೈ 9ರವರೆಗೆ ನಡೆಸಬೇಕಾಯಿತು!

ನೆರೆಮನೆಯ ಗಣಕದಲ್ಲಿ ಪ್ರಾಕ್ಸಿ ಬಂದ್ ಮಾಡಿದೊಡನೆ ಪುಟ ತೆರೆಯಿತು. ಹುಡುಗಿ ಆತುರದಿಂದ ಗುಪ್ತಪದ ಒತ್ತಲು ಹೊರಟಾಗ ತಡೆದು ಮರುಚಾಲನೆ ಮಾಡಿಸಿದೆ. 127.0.0.1 ಮತ್ತೆ ಬಂದು ಕುಳಿತಿತ್ತು. ಅವಳು ತಾಯಿಯ ಮೊಬೈಲಿನಲ್ಲೇ ಆಯ್ಕೆಗಳನ್ನು ದಾಖಲಿಸಿದಳು, ಗುಪ್ತಪದಗಳನ್ನೂ ಅದರಲ್ಲೇ ಬದಲಿಸಿದ್ದಾಯಿತು. ಬ್ಯಾಂಕ್ ಖಾತೆಯಲ್ಲಿ ಹಣವೇನೂ ಹೋಗಿರಲಿಲ್ಲ. ಹೋಗಿದ್ದರೆ ಆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕಿತ್ತು. ರಾತ್ರಿ ಹತ್ತರ ಹೊತ್ತಿಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಸಾಲು ಸಿಕ್ಕಿತು. ಮೂರು ವಾರಗಳ ಹಿಂದೆ ಕಡತ ಪರಿವರ್ತಿಸಲೆಂದು ಇಳಿಸಿಕೊಂಡಿದ್ದ ಉಚಿತ ತಂತ್ರಾಂಶವೊಂದು, ಪ್ರತಿ ಬಾರಿ ಲಾಗಿನ್ ಆದಾಗಲೂ ಆ ವಿಳಾಸವನ್ನು ಮತ್ತೆ ಬರೆಯುವಂತೆ ಅಲ್ಲಿ ಏರ್ಪಾಡು ಮಾಡಿಟ್ಟಿತ್ತು.